ಉಜ್ಜದೆ ಬಿಟ್ಟ ದಿನ

ಚಿಕ್ಕಮ್ಮ ಮಾತು ಬಿಟ್ಟು ವಾರ ದಾಟಿತ್ತು. ಮಾತು ಬಿಟ್ಟಳು ಅಂದರೆ ಬಾಯಿ ಮುಚ್ಚಿದಳು ಅಂತಲ್ಲ. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು, ಅದೂ ಅಕ್ಕನ ಮಗಳು ಎದುರಿಗೇ ಕೂತಿರುವಾಗ. ಕಾಫಿ ಆರುತ್ತಿದೆ ಅಂತ ಬೆಕ್ಕಿಗೆ, ಛತ್ರಿ ಮರೆಯಬಾರದು ಅಂತ ಬೆಕ್ಕಿಗೆ, ಬಚ್ಚಲಿನ ಬಲ್ಬು ಹೋಗಿದೆ, ದೊಡ್ಡ ದೊಡ್ಡ ಯಂತ್ರ ರಿಪೇರಿ ಮಾಡುವವರು ಇದೇ ಮನೆಯಲ್ಲಿದ್ದಾರಂತೆ, ಅವರಿಗೆ ಪುರುಸೊತ್ತಾದರೆ ಒಂದು ಹಾಕಬಹುದು ಅಂತಲೂ ಬೆಕ್ಕಿಗೆ. ಬೆಕ್ಕು ಪಾಪ, ಇಷ್ಟೊಂದು ಜವಾಬ್ದಾರಿ ಹೊತ್ತು ಅಭ್ಯಾಸವಿಲ್ಲದ ಪ್ರಾಣಿ, ಕಿಟಕಿ ಹಾರಿ ಹೋಗಿಬಿಡುತ್ತಿತ್ತು. ಆಗ ಚಿಕ್ಕಮ್ಮ ಗೋಡೆಗೆ ಹೇಳುತ್ತಿದ್ದಳು.

ಜಗಳಕ್ಕೆ ಕಾರಣ ಒಂದು ಹಸಿರು ದೀಪ.

ಆ ಊರಿನಲ್ಲಿ ಕಡಲು ಒಂದು ಕಡೆ ಒಳಕ್ಕೆ ಬಾಗಿ, ಬೊಗಸೆಯ ಹಾಗೆ ನಿಂತಿದೆ. ಅಲೆಯ ಆರ್ಭಟವಿಲ್ಲ, ಕಾಲಡಿಗೆ ಮರಳು, ಇಳಿಯಲು ಕಲ್ಲಿನ ಮೆಟ್ಟಿಲು. ಚಿಕ್ಕಮ್ಮ ಅಲ್ಲಿ ಊರಿನ ಮಕ್ಕಳಿಗೆ ಈಜು ಕಲಿಸುವವಳು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಸೀಟಿ ಟೀಚರ್. ಊರಿನ ಅರ್ಧ ಜನ ಅವಳ ಕೈಕೆಳಗೆ ಉಪ್ಪುನೀರು ಕುಡಿದೇ ಈಜು ಕಲಿತವರು. ಈಗ ಅವರ ಮಕ್ಕಳು ಬಂದು ಅದೇ ನೀರು ಕುಡಿಯುತ್ತಿದ್ದರು. ಮೆಟ್ಟಿಲ ಮೇಲ್ಗಡೆ ತಗಡಿನ ಛಾವಣಿಯ ಒಂದು ಕೋಣೆ: ಬಟ್ಟೆ ಬದಲಿಸುವುದಕ್ಕೆ, ಟವೆಲ್ ಒಣಹಾಕುವುದಕ್ಕೆ, ಅಳುವವರಿಗೆ ಬಿಸ್ಕತ್ತು ಕೊಡುವುದಕ್ಕೆ. ಕೋಣೆಯ ಪಕ್ಕದಲ್ಲೇ ನಗರಸಭೆಯವರು ನಿಲ್ಲಿಸಿದ ಬೋರ್ಡು, ಬೋರ್ಡಿನ ನೆತ್ತಿಯಲ್ಲಿ ದೀಪ. ಹಸಿರಿದ್ದರೆ ನೀರು ಚೆನ್ನಾಗಿದೆ, ಇಳಿಯಬಹುದು. ಕೆಂಪಿದ್ದರೆ ಇಳಿಯಬಾರದು. ನಿಲ್ಲಿಸಿದ ದಿನದಿಂದ ಅದು ಕೆಂಪಾದದ್ದನ್ನು ಕಂಡವರಿರಲಿಲ್ಲ.

ದೀಪಕ್ಕೆ ಸುದ್ದಿ ಮುಟ್ಟಿಸುವುದು ಆಚೆ ನೀರಿನಲ್ಲಿ ಲಂಗರು ಹಾಕಿ ತೇಲಿಬಿಟ್ಟ ಒಂದು ಹಳದಿ ಡ್ರಮ್ಮು. ಕಚೇರಿಯ ಕಾಗದದಲ್ಲಿ ಅದಕ್ಕೆ ಒಂದು ಉಸಿರಿಗೆ ಸಾಲದಷ್ಟು ಉದ್ದದ ಹೆಸರಿದೆ, ಊರಿಗೆ ಅದು ಡ್ರಮ್ಮೇ. ಅದರ ಹೊಟ್ಟೆಯ ಕೆಳಗೆ ನೀರಿನಲ್ಲಿ ಮುಳುಗಿದ ಸೆನ್ಸರುಗಳಿವೆ. ಒಂದು ಉಪ್ಪು ನೋಡುತ್ತದೆ, ಒಂದು ಬಿಸಿ ನೋಡುತ್ತದೆ, ಮೀನಿಗೆ ಉಸಿರಾಡಲು ಬೇಕಾದ ಗಾಳಿ ನೀರಿನಲ್ಲಿದೆಯೋ ಇಲ್ಲವೋ ಅಂತ ಇನ್ನೊಂದು ನೋಡುತ್ತದೆ. ಮತ್ತೊಂದು ಸಣ್ಣ ಬೆಳಕು ಬಿಟ್ಟು, ಚರಂಡಿಯ ನೀರು ಬೆರೆತಿದ್ದರೆ ಪತ್ತೆ ಹಚ್ಚುತ್ತದೆ. ಕಂಡದ್ದನ್ನು ಯಾರ ಅಪ್ಪಣೆಗೂ ಕಾಯದೆ ಬೋರ್ಡಿಗೆ, ನಗರಸಭೆಯ ನೀರು ವಿಭಾಗಕ್ಕೆ, ರಾಜಧಾನಿಯ ದೊಡ್ಡ ಕಚೇರಿಗೆ, ಮೂರು ಕಡೆಗೂ ಒಟ್ಟಿಗೇ ಕಳಿಸುತ್ತದೆ.

ಆ ಡ್ರಮ್ಮನ್ನು ನೋಡಿಕೊಳ್ಳುವವಳು ಚಿಕ್ಕಮ್ಮನ ಅಕ್ಕನ ಮಗಳು. ಕಡಲಿಗೆ ಏನನ್ನೇ ಇಳಿಬಿಟ್ಟರೂ ಅಲ್ಲಿನ ಸಣ್ಣಪುಟ್ಟ ಜೀವಗಳೆಲ್ಲ ಬಂದು ಅದರ ಮೇಲೆ ಸಂಸಾರ ಹೂಡುತ್ತವೆ. ಮೊದಲು ಲೋಳೆ, ಅದರ ಮೇಲೆ ಪಾಚಿ, ಅದರ ಮೇಲೆ ಕಲ್ಲಿನಂಥ ಚಿಪ್ಪು ಕಟ್ಟಿಕೊಂಡು ಕೂರುವ ಹುಳುಗಳು. ಬಿಟ್ಟರೆ ಸೆನ್ಸರಿಗೆ ಕಣ್ಣೇ ಕಾಣುವುದಿಲ್ಲ. ಅದಕ್ಕೇ ದೋಣಿಯಲ್ಲಿ ಹೋಗಿ, ಸೆನ್ಸರುಗಳನ್ನು ಮೇಲೆಳೆದು, ಮೆತ್ತನೆ ಬ್ರಷ್ಷಿನಿಂದ ಉಜ್ಜಬೇಕು. ಅವಳೋ ಚಿಕ್ಕಂದಿನಿಂದ ಕೊಳೆ ಕಂಡರೆ ಕೈ ತುರಿಸುವ ಜಾತಿ. ಅವಳು ಉಜ್ಜುವ ಪರಿ ನೋಡಿ ಕಚೇರಿಯವರು ಉಜ್ಜಮ್ಮ ಅಂತ ಹೆಸರಿಟ್ಟಿದ್ದರು. ಅವಳು ಮುನಿಯಲಿಲ್ಲ, ಒಳಗೊಳಗೇ ಉಬ್ಬಿದಳು. ಹೋದ ವರ್ಷ ಇಡೀ ಕರಾವಳಿಯಲ್ಲೇ ಅತಿ ಚೊಕ್ಕಟವಾದ ಡ್ರಮ್ಮು ಇದು ಅಂತ ಅವಳಿಗೊಂದು ಗಾಜಿನ ಮೀನು ಬಹುಮಾನ ಬಂತು. ಚಿಕ್ಕಮ್ಮ ಆ ಮೀನನ್ನು ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಿದ್ದಳು. ಆದರೂ ಬಂದವರಿಗೆಲ್ಲ, ಎಡವಬೇಡಿ, ಅದು ನಮ್ಮ ಹುಡುಗಿಯ ಬಹುಮಾನ ಅಂತ ಹೇಳದೆ ಬಿಡುತ್ತಿರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಬ್ರಷ್ಷು ತಾಗುವಾಗ ಸೆನ್ಸರಿಗೆ ತಲೆ ಕೆಟ್ಟು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಅದಕ್ಕಾಗಿ ಡ್ರಮ್ಮಿನ ಮೈಮೇಲೆ, ಬೀಗ ಹಾಕಿದ ಮುಚ್ಚಳದ ಕೆಳಗೆ, ದುರಸ್ತಿ ಅಂತ ಒಂದು ಗುಂಡಿ ಇದೆ. ಉಜ್ಜುವ ಮೊದಲು ಅದನ್ನು ಒತ್ತಬೇಕು. ಒತ್ತಿದರೆ ಸಂಜೆಯವರೆಗೆ ಅದು ಕಂಡದ್ದು ಲೆಕ್ಕಕ್ಕಿಲ್ಲ, ಬೋರ್ಡಿನ ದೀಪ ಮೊದಲು ಹೇಗಿತ್ತೋ ಹಾಗೇ ಉರಿಯುತ್ತಿರುತ್ತದೆ. ಕಚೇರಿಯಲ್ಲಿ ಕೂತವರು ಕೈಯಾಡಿಸಬಾರದು ಅಂತಲೇ ಗುಂಡಿಯನ್ನು ನಡುನೀರಿನಲ್ಲಿಟ್ಟಿದ್ದರು. ಅದರ ಕೀಲಿ ಒಂದು ಉಜ್ಜಮ್ಮನ ಹತ್ತಿರ, ಇನ್ನೊಂದು ರಾಜಧಾನಿಯಲ್ಲಿ.

ಹೀಗಿರುವಾಗ ಈಜಿನ ಮಕ್ಕಳಿಗೆ ಮೈ ಕೆರೆತ ಶುರುವಾಯಿತು. ಒಬ್ಬನಿಗೆ ತೊಡೆಯೆಲ್ಲ ಕೆಂಪು ಗುಳ್ಳೆ, ಒಬ್ಬಳಿಗೆ ಕಿವಿ ಸೋರಿಕೆ, ಇನ್ನೊಬ್ಬನಿಗೆ ಮೂರು ದಿನ ಭೇದಿ ನಿಲ್ಲಲಿಲ್ಲ. ಒಂದು ವಾರ ಬರುತ್ತಿತ್ತು, ಮಾಯುತ್ತಿತ್ತು, ಮತ್ತೆ ಬರುತ್ತಿತ್ತು. ತಾಯಂದಿರು ಮೊದಲು ಬೋರ್ಡು ನೋಡಿದರು. ಹಸಿರು. ಆಮೇಲೆ ಸೀಟಿ ಟೀಚರ ಟವೆಲ್ ನೋಡಿದರು.

ಆರೋಗ್ಯ ಇನ್‌ಸ್ಪೆಕ್ಟರ್ ಬಂದ. ಅವನೂ ಚಿಕ್ಕಮ್ಮನ ಹಳೇ ಶಿಷ್ಯನೇ, ಆಳಕ್ಕೆ ಹೋದರೆ ಅವಳ ಕುತ್ತಿಗೆಗೆ ಜೋತುಬಿದ್ದು ಅಳುತ್ತಿದ್ದವನು. ಈಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳ ಟವೆಲುಗಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ, ಬಿಸ್ಕತ್ತಿನ ಡಬ್ಬಿ ತೆಗೆದು ಮೂಸಿದ, ನಲ್ಲಿಯ ಕೆಳಗೆ ಬಗ್ಗಿ ನೋಡಿದ. ನೀರು ಚೆನ್ನಾಗಿದೆ ಅಂತ ಯಂತ್ರವೇ ಹೇಳುತ್ತಿದೆಯಲ್ಲ ಟೀಚರ್, ಹಾಗಾದರೆ ತೊಂದರೆ ನಿಮ್ಮ ಕೋಣೆಯಲ್ಲೇ ಇರಬೇಕು ಅಂದ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ನಗರಸಭೆಯಲ್ಲಿ ಸಭೆ, ಪೋಷಕರೂ ಬರುತ್ತಾರೆ, ಈಜಿನ ತರಗತಿ ಮುಚ್ಚುವ ಬಗ್ಗೆ ಅಲ್ಲೇ ತೀರ್ಮಾನ ಅಂದ. ನೀರಿನ ಅಂಕಿಗಳನ್ನು ಓದಿ ಹೇಳಲು ಉಜ್ಜಮ್ಮನೇ ಬರಬೇಕು ಅಂತಲೂ ಅಂದ.

ಚಿಕ್ಕಮ್ಮ ಬೆಕ್ಕಿನ ಕಡೆ ತಿರುಗಿದ್ದು ಅವತ್ತೇ. ನಾನು ಸಾಕಿದ ಹುಡುಗಿ ನನ್ನ ಕೈ ಕೊಳಕು ಅಂತ ಸಾಕ್ಷಿ ಹೇಳೋಕೆ ಹೋಗ್ತಾಳಂತೆ, ಕೇಳಿಸ್ತೇನೇ ಅಂತ ಬೆಕ್ಕನ್ನು ಕೇಳಿದಳು. ಉಜ್ಜಮ್ಮ ಎಷ್ಟು ಹೇಳಿದರೂ ಅಷ್ಟೇ. ಯಂತ್ರ ಸುಳ್ಳು ಹೇಳಲ್ಲ ಚಿಕ್ಕಮ್ಮ, ನಾನೇ ಉಜ್ಜಿದ್ದೀನಿ, ಕನ್ನಡಿ ಹಾಗಿದೆ ಅಂತ ಅವಳೂ ಹಟ ಹಿಡಿದಿದ್ದಳು. ಚಿಕ್ಕಮ್ಮನೂ ಕೊಳಕಲ್ಲ, ಡ್ರಮ್ಮೂ ಕೊಳಕಲ್ಲ, ಮತ್ತೆ ಗುಳ್ಳೆ ಎಲ್ಲಿಂದ ಅನ್ನುವುದು ಮಾತ್ರ ಅವಳ ತಲೆ ಕೊರೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಚಿಕ್ಕಮ್ಮ ದೊಡ್ಡ ಪಾತ್ರೆಯಲ್ಲಿ ಟವೆಲುಗಳನ್ನು ಕುದಿಸಲು ಹಾಕಿ, ಕೋಲಿನಿಂದ ತಿರುವುತ್ತಿದ್ದಳು. ಅಡುಗೆಮನೆ ತುಂಬ ಹಬೆ. ಉಜ್ಜಮ್ಮ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದಳು.

"ಇನ್ನೆಷ್ಟು ಕುದಿಸಲೇ ಬೆಕ್ಕೇ," ಅಂದಳು ಚಿಕ್ಕಮ್ಮ. "ಇದು ಟವೆಲ್ಲಿನ ದೋಷ ಅಲ್ಲ, ದೃಷ್ಟಿ ದೋಷ. ಇವಳು ದೋಣಿಯಲ್ಲಿ ನಿಂತು ನಮ್ಮ ಕಡೆ ಕೈ ಬೀಸ್ತಾಳಲ್ಲ, ಅವತ್ತೇ ನೋಡು ನನ್ನ ಮಕ್ಕಳಿಗೆ ಕೆರೆತ. ನರರ ದೃಷ್ಟಿಗೆ ಕಲ್ಲೂ ಸಿಡಿಯುತ್ತಂತೆ, ಎಳೇ ಮೈ ಯಾವ ಲೆಕ್ಕ."

ಉಜ್ಜಮ್ಮನಿಗೆ ರೇಗಿತು. ಓದಿದವಳನ್ನು ಕೂರಿಸಿಕೊಂಡು ದೃಷ್ಟಿ ಗಿಷ್ಟಿ ಅಂತೀಯಲ್ಲ ಅಂತ ಬಾಯಿ ತೆರೆದವಳು, ಅದನ್ನು ಹೇಳದೆ ಬೇರೆಯೇ ಕೇಳಿದಳು.

"ಯಾವ್ಯಾವತ್ತು?"

ಚಿಕ್ಕಮ್ಮನಿಗೆ ಬೆಕ್ಕು ಮರೆತೇಹೋಯಿತು. ಅವಳಿಗೆ ತಾರೀಕು ಗೊತ್ತಿರಲಿಲ್ಲ, ಮಕ್ಕಳು ಗೊತ್ತಿದ್ದರು. ಬೇಕರಿಯವರ ಅವಳಿ ಮಕ್ಕಳು ಹೊಸ ಈಜುಬಟ್ಟೆ ಹಾಕಿಕೊಂಡು ಬಂದ ದಿನ, ಇಬ್ಬರೂ ದೋಣಿಯ ಕಡೆ ತಿರುಗಿ ಕೈ ಬೀಸಿದ್ದರು, ನೀನೂ ಬೀಸಿದ್ದೆ, ಸಂಜೆಗೆ ಇಬ್ಬರ ಮೈಮೇಲೂ ಗುಳ್ಳೆ. ದರ್ಜಿಯ ಮಗಳು ಮೊದಲ ಸಲ ಒಬ್ಬಳೇ ತೇಲಿದ ದಿನ, ನೋಡು ನೋಡು ಅಂತ ನಾನೇ ನಿನ್ನ ಕಡೆ ಕೂಗಿದ್ದೆ, ಆಮೇಲೆ ಅವಳ ಕಿವಿ ಸೋರಿತು. ಅಂಚೆಯವನ ಮಗನ ಕನ್ನಡಕ ನೀರಲ್ಲಿ ಕಳೆದು ಹೋಗಿ ಎಲ್ಲರೂ ಹುಡುಕಿದ ದಿನ, ನೀನು ದೂರದಿಂದಲೇ ಏನಾಯ್ತು ಅಂತ ಕೈಸನ್ನೆ ಮಾಡಿದ್ದೆ. ಹುಡುಕಿದವರೆಲ್ಲ ಮಾರನೇ ದಿನ ಹೊಟ್ಟೆ ಹಿಡಿದುಕೊಂಡರು.

ಉಜ್ಜಮ್ಮನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಬೀಸಿದ್ದು ನಿಜ. ಮೂರೂ ದಿನ ಅವಳಿಗೆ ನೆನಪಿತ್ತು. ಆದರೆ ದೋಣಿ ಹತ್ತುವುದು ಅವಳ ಇಷ್ಟಕ್ಕಲ್ಲ. ಬೇರೆ ಊರುಗಳ ಡ್ರಮ್ಮಿಗೆ ತಿಂಗಳಿಗೊಮ್ಮೆ ಬ್ರಷ್ಷು ತಾಗಿದರೆ ಪುಣ್ಯ. ಇವಳಿಗೆ ಮಾತ್ರ ನೀರು ವಿಭಾಗದ ಮುಖ್ಯಸ್ಥರಿಂದ ಮೇಲಿಂದ ಮೇಲೆ ಫೋನು. ರೀಡಿಂಗ್ ಸ್ವಲ್ಪ ಅಲುಗಾಡ್ತಿದೆ, ಒಂದು ಕೈ ಉಜ್ಜಿ ಬನ್ನಿ ಅಂತ. ಯಾರೋ ದೊಡ್ಡವರು ನೋಡೋಕೆ ಬರ್ತಾರಂತೆ, ಉಜ್ಜಿ ಬನ್ನಿ ಅಂತ. ಈ ಮುಖ್ಯಸ್ಥರಿಗೆ ಕಚೇರಿಯವರು ಆಮೇಲೆ ಸಾರ್ ಅಂತ ಹೆಸರಿಟ್ಟಿದ್ದರು. ಏನು ಕೇಳಿದರೂ ಆಮೇಲೆ ನೋಡೋಣ ಅನ್ನುವ ಮನುಷ್ಯ. ಮುರಿದ ಕುರ್ಚಿ ಆಮೇಲೆ, ರಜೆ ಆಮೇಲೆ, ಸೋರುವ ಛಾವಣಿ ಆಮೇಲೆ. ಡ್ರಮ್ಮು ಉಜ್ಜುವುದೊಂದೇ ಅವರಿಗೆ ಅವತ್ತಿಗವತ್ತೇ ಆಗಬೇಕು. ನನ್ನ ಕೆಲಸದ ಮೇಲೆ ಎಷ್ಟು ಅಕ್ಕರೆ ಅಂತ ಅವಳು ತಿಳಿದಿದ್ದಳು.

ಡ್ರಮ್ಮಿನ ಆಚೆ, ದಡದ ತುದಿಯ ಕರಿಬಂಡೆಯ ಹಿಂದೆ ಇದ್ದದ್ದು ಊರಿನ ಕೊಳಚೆ ನೀರಿನ ಪಂಪ್‌ಹೌಸು, ತೊಟ್ಟಿ ತುಂಬಿದರೆ ಗೇಟು ತೆಗೆದು ಕಡಲಿಗೇ ಬಿಡುವಂಥದ್ದು. ಅದೂ ಆಮೇಲೆ ಸಾರ್ ಕೈಕೆಳಗೇ.

ಡ್ರಮ್ಮು ಸುಳ್ಳು ಹೇಳಿರಲಿಲ್ಲ. ಅದು ನಿಜ ಹೇಳುವ ಹೊತ್ತಿಗೆ ಸರಿಯಾಗಿ ಹೋಗಿ, ಗುಂಡಿ ಒತ್ತಿ, ಅದರ ಕಣ್ಣು ಮುಚ್ಚಿ ಬಂದವಳು ತಾನು. ಅದಕ್ಕೆ ಗಾಜಿನ ಮೀನು ಬೇರೆ.

ಇದನ್ನು ಹೇಳಿದಾಗ ಚಿಕ್ಕಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಹಾಗೇ ನಗರಸಭೆಗೆ ಹೊರಟಳು. ಉಜ್ಜಮ್ಮ ಬಾಗಿಲಿಗೆ ಅಡ್ಡ ನಿಂತಳು. ಹೋಗಿ ಏನಂತ ಕೂಗಾಡುವುದು? ಆ ಹೊತ್ತಿನ ಅಂಕಿ ಒಂದೂ ಇಲ್ಲ, ದುರಸ್ತಿ ಅಂತ ಖಾಲಿ ಬಿದ್ದಿದೆ. ಅಕ್ಕನ ಮಗಳು ಚಿಕ್ಕಮ್ಮನನ್ನು ಉಳಿಸಲು ಕಟ್ಟಿದ ಕಥೆ ಅಂದರೆ ಮುಗಿಯಿತು. ಗೇಟು ತೆಗೆದ ಒಂದೇ ಒಂದು ದಿನ ಡ್ರಮ್ಮು ಕಣ್ಣು ಬಿಟ್ಟಿರಬೇಕು. ಸೋಮವಾರಕ್ಕೆ ಮೊದಲು ಫೋನು ಬಂದೇ ಬರುತ್ತದೆ, ರಜೆಯ ವಾರ, ಊರಿನ ತುಂಬ ಜನ. ಬಂದರೆ ನಾನು ಹೋಗುತ್ತೇನೆ, ಆದರೆ ಉಜ್ಜುವುದಿಲ್ಲ ಅಂದಳು. ನೀರಿನಲ್ಲಿದ್ದರೆ ನೀನು ಫೋನು ಎತ್ತಲ್ಲ, ಅದಕ್ಕೇ ದೋಣಿಯಿಂದ ಕೈ ಬೀಸುತ್ತೇನೆ. ಬೀಸಿದ ತಕ್ಷಣ ಮಕ್ಕಳನ್ನು ಮೇಲೆ ಹತ್ತಿಸು.

ಚಿಕ್ಕಮ್ಮ ಆಗಲಿ ಅನ್ನಲು ಅವಳ ಕಡೆ ತಿರುಗಿದಳು. ಆಮೇಲೆ ನೆನಪಾಗಿ, ಬೆಕ್ಕು ಎಲ್ಲಿ ಅಂತ ಹುಡುಕಿದಳು.

"ಆಗಲಿ ಅಂತ ಹೇಳೇ," ಅಂದಳು ಅದಕ್ಕೆ. "ಕೈ ಜೋರಾಗಿ ಬೀಸಬೇಕು ಅಂತಲೂ ಹೇಳು. ನನಗೆ ದೂರದ್ದು ಕಾಣಲ್ಲ."

ಶನಿವಾರ ಬೆಳಿಗ್ಗೆ ಫೋನು ಬಂತು. ರೀಡಿಂಗ್ ಅಲುಗಾಡ್ತಿದೆ, ಒಂದು ಕೈ ಉಜ್ಜಿ ಬನ್ನಿ.

ದೋಣಿಯವನಿಗೆ ಗೊಣಗಣ್ಣ ಅಂತ ಹೆಸರು ಸುಮ್ಮನೆ ಬಂದದ್ದಲ್ಲ. ಎಂಜಿನ್ನಿನ ಮೇಲೆ ಗೊಣಗುತ್ತ ಹಗ್ಗ ಬಿಚ್ಚಿದ, ಗಾಳಿಯ ಮೇಲೆ ಗೊಣಗುತ್ತ ತಿರುಗಿಸಿದ, ಹಾರುವ ಹಕ್ಕಿಗಳು ತನ್ನ ದೋಣಿಯನ್ನೇ ಹುಡುಕಿ ಗಲೀಜು ಮಾಡುತ್ತವೆ ಅಂತ ಆಕಾಶಕ್ಕೂ ಬೈದ. ದೋಣಿ ಮೆಟ್ಟಿಲ ಎದುರು ಬಂದಾಗ ಉಜ್ಜಮ್ಮ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದಳು. ಬೀಸುತ್ತಲೇ ಇದ್ದಳು. ದೋಣಿ ಅಲ್ಲಾಡಿತು. ಯಾರನ್ನಾದರೂ ದಡಕ್ಕೆ ಕರೀತಿದ್ದೀಯೋ ನನ್ನನ್ನ ಮುಳುಗಿಸ್ತಿದ್ದೀಯೋ ಅಂತ ಗೊಣಗಣ್ಣ ಕೇಳಿದ. ದಡದಿಂದ ಸೀಟಿ ಕೇಳಿಸಿತು. ಉದ್ದಕ್ಕೆ, ಉಸಿರು ಮುಗಿಯುವವರೆಗೆ.

ಡ್ರಮ್ಮಿಗೆ ದೋಣಿ ಕಟ್ಟಿದರು. ಉಜ್ಜಮ್ಮ ಬ್ರಷ್ಷನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮುಚ್ಚಳ ತೆಗೆಯಲಿಲ್ಲ, ಗುಂಡಿ ಒತ್ತಲಿಲ್ಲ, ಸೆನ್ಸರು ಮೇಲೆಳೆಯಲಿಲ್ಲ. ಗೊಣಗಣ್ಣ ಕಾದ, ಕೆಮ್ಮಿದ, ಬ್ರಷ್ಷಿಗೆ ಮುಹೂರ್ತ ಇನ್ನೂ ಬಂದಿಲ್ವಾ ಅಂದ. ಅವಳು ಎಲ್ಲವನ್ನೂ ಹೇಳಿದಳು. ಅವನು ಗೊಣಗುವುದನ್ನೇ ನಿಲ್ಲಿಸಿದ. ಅದನ್ನು ನೋಡಿ ಅವಳಿಗೆ ಮೊದಲ ಸಲ ಸ್ವಲ್ಪ ಹೆದರಿಕೆಯಾಯಿತು.

"ನನ್ನನ್ನು ಇದಕ್ಕೆ ಎಳೀಬೇಡ ತಂಗಿ," ಅಂದ ಕೊನೆಗೆ.

"ಎಳೆಯಲ್ಲ ಅಣ್ಣ. ನೀನು ದೋಣಿ ತಂದಿದ್ದೀಯ, ಅಷ್ಟೇ."

ಸ್ವಲ್ಪ ಹೊತ್ತಿನಲ್ಲಿ ಕರಿಬಂಡೆಯ ಕಡೆಯಿಂದ ನೀರಿನ ಬಣ್ಣ ತಿರುಗಿತು. ಪಾತ್ರೆ ತೊಳೆದ ನೀರಿನ ಬಣ್ಣದ ಒಂದು ನಾಲಿಗೆ, ಅಂಚಿನಲ್ಲಿ ನೊರೆ. ಅವಸರವಿಲ್ಲದೆ, ದಾರಿ ಗೊತ್ತಿರುವವರ ಹಾಗೆ ಬರುತ್ತಿತ್ತು. ಮೊದಲು ವಾಸನೆ ಬಂತು. ಇಷ್ಟು ದಿನ ಇದೇ ನೀರಿನಲ್ಲಿ ಮೊಣಕೈವರೆಗೆ ಕೈ ಬಿಟ್ಟು, ತಲೆ ಬಗ್ಗಿಸಿ ಉಜ್ಜುತ್ತಿದ್ದಳು. ಪಾಚಿ ಕೆರೆದ ವಾಸನೆ ಅಂದುಕೊಂಡಿದ್ದಳು. ಉಜ್ಜುವವರಿಗೆ ಬ್ರಷ್ಷಿನ ತುದಿ ಕಾಣುತ್ತದೆ, ಸುತ್ತಲಿನ ನೀರು ಕಾಣುವುದಿಲ್ಲ.

ಫೋನು ಬಡಿದುಕೊಂಡಿತು. ಗೊಣಗಣ್ಣನಿಗೂ ಕೇಳಲಿ ಅಂತ ಅವಳು ಸ್ಪೀಕರ್ ಹಾಕಿದಳು.

"ಏನಮ್ಮಾ, ಇನ್ನೂ ಗುಂಡಿ ಒತ್ತಿಲ್ಲ?"

"ಇಲ್ಲ ಸಾರ್. ಡ್ರಮ್ಮು ಚೊಕ್ಕಟವಾಗಿದೆ. ಮೊನ್ನೆ ತಾನೇ ಉಜ್ಜಿದ್ದೀನಿ."

"ರೀಡಿಂಗ್ ಅಲುಗಾಡ್ತಿದೆ ಅಂತ ಹೇಳಿದ್ನಲ್ಲ."

"ನೀವು ಹೇಳಿದಾಗ ಅಲುಗಾಡ್ತಿರಲಿಲ್ಲ ಸಾರ್. ಈಗ ಅಲುಗಾಡ್ತಿದೆ."

ಆ ಕಡೆ ಕುರ್ಚಿ ಕಿರುಗುಟ್ಟಿತು, ಆ ಮುರಿದ ಕುರ್ಚಿಯೇ. ಒತ್ತಿಬಿಡಿ, ಆಮೇಲೆ ಕೂತು ಮಾತಾಡೋಣ ಅಂದರು ಆಮೇಲೆ ಸಾರ್. ಅವಳು ಇಲ್ಲ ಅಂದಳು. ಆಗ ಅವರ ದನಿ ಇಳಿಯಿತು, ಮನೆಯವರ ಹತ್ತಿರ ಮಾತಾಡುವ ಹಾಗೆ. ತೊಟ್ಟಿ ಸಣ್ಣದು, ಊರು ದೊಡ್ಡದಾಗಿದೆ, ಜನ ಹೆಚ್ಚಾದ ದಿನ ಗೇಟು ತೆಗೆಯದಿದ್ದರೆ ಕೊಳಚೆ ಮನೆಮನೆಯ ಬಚ್ಚಲಿನಿಂದ ಮೇಲೆ ಉಕ್ಕುತ್ತದೆ, ಹೊಸ ತೊಟ್ಟಿ ಕೊಡಿ ಅಂತ ಕೇಳಿ ಕೇಳಿ ತನ್ನ ನಾಲಿಗೆ ಸವೆದಿದೆ, ಮೇಲಿನವರು ತನಗೂ ಆಮೇಲೆ ನೋಡೋಣ ಅಂತಲೇ ಹೇಳುತ್ತಾರೆ ಅಂದರು. ಸುಳ್ಳಿನ ದನಿಯಾಗಿರಲಿಲ್ಲ ಅದು.

"ನಿಮ್ಮ ಬಚ್ಚಲಿಗೇ ನುಗ್ಗಿದ್ರೆ ಪರವಾಗಿಲ್ವಾ?"

"ಗೇಟು ತೆಗೀಬೇಡಿ ಅಂತ ನಾನು ಹೇಳಿಲ್ಲ ಸಾರ್. ತೆಗೆದ ದಿನ ದೀಪ ಕೆಂಪಾಗಲಿ ಅಂತಿದ್ದೀನಿ. ಮಕ್ಕಳು ದಡದಲ್ಲಿ ನಿಲ್ಲಲಿ."

"ಕೆಂಪಾದ್ರೆ ರಾಜಧಾನಿಯಿಂದ ಕೇಳ್ತಾರೆ."

"ಕೇಳಲಿ ಸಾರ್. ಆಗ ನಿಮಗೆ ತೊಟ್ಟಿ ಕೊಡ್ತಾರೆ."

"ನಿಮ್ಮ ಕೆಲಸ ಹೋಗುತ್ತಮ್ಮ."

"ನನ್ನ ಕೆಲಸ ನೀರು ನೋಡೋದು. ನೋಡ್ತಾ ಇದ್ದೀನಿ."

"ಈಗಲೇ ಒತ್ತಿ. ಈಗಲೇ, ಈ ಕ್ಷಣ."

"ಇಲ್ಲ ಸಾರ್. ಒತ್ತಲ್ಲ."

ದೋಣಿಯವನನ್ನು ಒತ್ತಲು ಹೇಳಿ ಅಂತ ಅವರು ಕೂಗಿದರು. ಗೊಣಗಣ್ಣ ಫೋನಿನ ಹತ್ತಿರ ಬಗ್ಗಿದ. ತಾನು ದೋಣಿಯವನು, ಯಂತ್ರಕ್ಕೆ ಕೈ ತಾಗಿಸಿದರೆ ಮನೆಗೆ ಕಳಿಸ್ತೀನಿ ಅಂತ ಸಾಹೇಬರೇ ಬೈದಿದ್ದರಲ್ಲ, ಆ ಬೈಗುಳ ವಾಪಸ್ ತಗೊಂಡರಾ ಹೇಗೆ, ತಗೊಳ್ಳುವುದಾದರೆ ಕಚೇರಿಯಲ್ಲಿ ಎಲ್ಲರ ಎದುರು ಬೈದ ಹಾಗೆ ಎಲ್ಲರ ಎದುರೇ ತಗೊಳ್ಳಬೇಕು, ಅಲ್ಲದೆ ತನಗೆ ಸೊಂಟ ನೋವು ಅಂತ ಗೊಣಗಿದ. ಗೊಣಗುತ್ತ ಗೊಣಗುತ್ತ ಇದ್ದಾಗಲೇ ಆ ಕಡೆಯಿಂದ ಫೋನು ಇಟ್ಟರು.

"ಕೇಳಿದ್ಯಾ ತಂಗಿ," ಅಂದ. "ಈಗಲೇ ಅಂದರು. ನಾನು ದೋಣಿ ಹಿಡಿದಾಗಿನಿಂದ ಇದೇ ಮೊದಲು."

ಬೂದು ನೀರು ಡ್ರಮ್ಮನ್ನು ಬಳಸಿಕೊಂಡು ದಡದ ಕಡೆ ಹರಿಯಿತು. ಇಬ್ಬರೂ ಮೂಗು ಮುಚ್ಚಿಕೊಂಡು ಕೂತರು.

ದಡದಲ್ಲಿ ನಡೆದದ್ದನ್ನು ಆಮೇಲೆ ಊರೆಲ್ಲ ತಮತಮಗೆ ಬೇಕಾದ ಹಾಗೆ ಹೇಳಿತು. ಎಲ್ಲರ ಮಾತಿನಲ್ಲೂ ಒಂದಾಗಿದ್ದದ್ದು ಇಷ್ಟು. ಸೀಟಿ ಟೀಚರ್ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿದಾಗ ದೀಪ ಹಸಿರಾಗಿತ್ತು. ಬೇಕರಿಯವಳು ಸಿಟ್ಟಾದಳು. ಬಿಸಿಲಲ್ಲಿ ಒದ್ದೆ ಮಕ್ಕಳನ್ನು ಸುಮ್ಮನೆ ಯಾಕೆ ಕೂರಿಸಿದ್ದೀರಿ, ಯಂತ್ರಕ್ಕಿಂತ ನಿಮಗೆ ಹೆಚ್ಚು ಗೊತ್ತಾ ಅಂದಳು. ನನಗೇನೂ ಗೊತ್ತಿಲ್ಲಮ್ಮ, ನಮ್ಮ ಹುಡುಗಿ ಕೈ ಬೀಸಿದಳು, ಅಷ್ಟೇ ಅಂದಳು ಚಿಕ್ಕಮ್ಮ. ಕೈ ಬೀಸಿದ್ದಕ್ಕೆಲ್ಲ ಕ್ಲಾಸು ನಿಲ್ಲಿಸ್ತಾರಾ ಅಂತ ಹಿಂದಿನಿಂದ ಯಾರೋ ನಕ್ಕರು. ಆ ನಗು ಮುಗಿಯುವ ಮೊದಲೇ ದೀಪ ಆರಿತು. ಕೆಟ್ಟು ಹೋಯಿತು ಅಂದುಕೊಂಡರು. ಮತ್ತೆ ಹೊತ್ತಿದಾಗ ಕೆಂಪಗಿತ್ತು. ದರ್ಜಿಯ ಮಗಳು, ಓ ಇದಕ್ಕೆ ಈ ಬಣ್ಣವೂ ಬರುತ್ತೆ ಅಂದಳಂತೆ.

ದೋಣಿ ದಡ ಸೇರುವ ಹೊತ್ತಿಗೆ ಆಮೇಲೆ ಸಾರ್ ಜೀಪಿನಲ್ಲಿ ಬಂದಾಗಿತ್ತು. ಆರೋಗ್ಯ ಇನ್‌ಸ್ಪೆಕ್ಟರೂ ಜೊತೆಗಿದ್ದ. ಮೆಟ್ಟಿಲ ಮೇಲೆ ಜನ ಕಿಕ್ಕಿರಿದಿದ್ದರು, ಕೊನೆಯ ಮೆಟ್ಟಿಲಿಗೆ ಬೂದು ನೀರು ನೊರೆ ಬಿಡುತ್ತಿತ್ತು. ಆಮೇಲೆ ಸಾರ್ ಯಾರ ಮುಖವನ್ನೂ ನೋಡದೆ ಉಜ್ಜಮ್ಮನ ಮುಂದೆ ಕೈ ಚಾಚಿದರು. ನಾಳೆಯಿಂದ ಕೆಲಸಕ್ಕೆ ಬರಬೇಡಿ, ವಿಚಾರಣೆ ಆಗುತ್ತೆ, ಡ್ರಮ್ಮಿನ ಕೀಲಿ ಕೊಡಿ ಅಂದರು.

ಉಜ್ಜಮ್ಮ ಸೊಂಟದಿಂದ ಕೀಲಿ ಬಿಚ್ಚಿದಳು. ಕೊಡಲೇಬೇಕಾದದ್ದು, ಅದು ಅವಳ ಸ್ವಂತದ್ದಲ್ಲ. ಅಷ್ಟರಲ್ಲಿ ನಡುವೆ ಇನ್ನೊಂದು ಕೈ ಬಂತು. ಒದ್ದೆ, ಸುಕ್ಕು, ಟವೆಲ್ ಕುದಿಸಿ ಕುದಿಸಿ ಬೆಳ್ಳಗಾದ ಕೈ. ಚಿಕ್ಕಮ್ಮ ಕೀಲಿ ತೆಗೆದುಕೊಂಡು, ಕೊರಳಿನ ದಾರ ಬಿಚ್ಚಿ, ಸೀಟಿಯ ಪಕ್ಕದಲ್ಲಿ ಪೋಣಿಸಿ, ಮತ್ತೆ ಕೊರಳಿಗೆ ಹಾಕಿಕೊಂಡಳು.

"ಸೋಮವಾರ ಸಭೆ ಇದೆಯಲ್ಲ," ಅಂದಳು. "ಅಲ್ಲಿ ಎಲ್ಲರ ಮುಂದೆ, ಇದು ನನಗೆ ಇಂಥದ್ದಕ್ಕೆ ಬೇಕು ಅಂತ ಹೇಳಿ. ನಾನೇ ನಿಮ್ಮ ಕೈಗೆ ಕೊಡ್ತೀನಿ."

ಆಮೇಲೆ ಸಾರ್ ಇನ್‌ಸ್ಪೆಕ್ಟರನ ಕಡೆ ನೋಡಿದರು. ಇನ್‌ಸ್ಪೆಕ್ಟರ್ ನೀರಿನ ಕಡೆ ನೋಡುತ್ತಿದ್ದ. ಅವನು ಮೂಗಿನ ಬಟ್ಟೆಯನ್ನು ಈ ಸಲ ಮನೆಯಲ್ಲೇ ಬಿಟ್ಟು ಬಂದಿದ್ದ, ಅದು ಬೇಕಾದದ್ದು ಇಲ್ಲಿ. ಕೊನೆಗೆ ಅವನು ಜೀಪಿನಿಂದ ಎರಡು ಬಾಟಲಿ ತಂದು, ಪ್ಯಾಂಟು ಮಡಚಿ, ಕೆಳಗಿಳಿದು ತಾನೇ ನೀರು ತುಂಬಿಕೊಂಡ. ಹುಷಾರು ಮಗಾ, ಕೊನೇ ಮೆಟ್ಟಿಲು ಜಾರುತ್ತೆ ಅಂತ ಚಿಕ್ಕಮ್ಮ ಮೇಲಿನಿಂದ ಹೇಳಿದಳು. ಅವನು ಕಿವಿ ಕೆಂಪು ಮಾಡಿಕೊಂಡು, ಆಯ್ತು ಟೀಚರ್ ಅಂದ.

ಸೋಮವಾರದ ಸಭೆಗೆ ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅದರ ಮೇಲೆ ಸೀಟಿ, ಸೀಟಿಯ ಪಕ್ಕ ಕೀಲಿ ತೂಗುಬಿಟ್ಟುಕೊಂಡು ಹೋದಳು. ಅಂಕಿ ಓದಲು ಕರೆಸಿದ್ದ ಉಜ್ಜಮ್ಮನಿಗೆ ಕೆಲಸವೇ ಇರಲಿಲ್ಲ ನಿಜ, ಆದರೆ ಕರೆದದ್ದನ್ನು ವಾಪಸ್ ತೆಗೆದುಕೊಳ್ಳಲು ಯಾರಿಗೂ ನೆನಪಾಗಿರಲಿಲ್ಲ. ಅವಳು ಎದ್ದು ಶನಿವಾರದ ಅಂಕಿಗಳನ್ನು ಓದಿದಳು. ಅದಕ್ಕೆ ಮೊದಲಿನ ಖಾಲಿ ದಿನಗಳನ್ನೂ ಓದಿದಳು. ದುರಸ್ತಿ, ದುರಸ್ತಿ, ದುರಸ್ತಿ ಅಂತ. ಒಂದೊಂದು ದುರಸ್ತಿಗೂ ಹಿಂದಿನ ಸಾಲಿನಿಂದ ಒಬ್ಬೊಬ್ಬ ತಾಯಿ, ನಮ್ಮವನಿಗೆ ಗುಳ್ಳೆ ಎದ್ದದ್ದು ಅವತ್ತೇ ಅಂತ ಹೇಳುತ್ತ ಹೋದಳು. ಬಾಟಲಿಯ ನೀರಿನಲ್ಲಿ ಏನಿತ್ತು ಅಂತ ಇನ್‌ಸ್ಪೆಕ್ಟರ್ ಹೇಳಿದ. ಟವೆಲಿನ ಮಾತನ್ನು ಅವನಾಗಲಿ ಬೇರೆಯವರಾಗಲಿ ಎತ್ತಲಿಲ್ಲ.

ಆಗ ಚಿಕ್ಕಮ್ಮ ಎದ್ದು ನಿಂತು, ಕೀಲಿಯನ್ನು ದಾರದಿಂದ ಬಿಚ್ಚಿ, ಮೇಜಿನ ಮೇಲೆ ಇಟ್ಟಳು.

"ಇಲ್ಲಿದೆ ಸಾರ್. ಯಾಕೆ ಬೇಕು ಅಂತ ಹೇಳಿ ತಗೊಳ್ಳಿ."

ಆಮೇಲೆ ಸಾರ್ ಕೀಲಿ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು.

"ಆಮೇಲೆ ತಗೋತೀನಿ," ಅಂದರು.

ಮೊದಲು ನಕ್ಕವಳು ಬೇಕರಿಯವಳು. ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಅಧ್ಯಕ್ಷರು ಮೇಜು ತಟ್ಟಿ ತಟ್ಟಿ, ಕೊನೆಗೆ ಕೈ ನೋವಾಗಿ, ಈಜಿನ ತರಗತಿ ಮುಚ್ಚುವ ಪ್ರಶ್ನೆ ಇಲ್ಲ, ಗೇಟು ತೆಗೆಯುವ ದಿನ ದೀಪ ಕೆಂಪಾಗಲೇಬೇಕು ಅಂತ ಹೇಳಿ ಎದ್ದರು. ಹೊಸ ತೊಟ್ಟಿಯ ಬಗ್ಗೆ ರಾಜಧಾನಿಯವರು ಬಂದು ನೋಡಿ ಹೋದರು. ನೋಡಿ ಹೋದದ್ದಷ್ಟೇ, ಅಗೆತ ಇನ್ನೂ ಶುರುವಾಗಿಲ್ಲ. ಉಜ್ಜಮ್ಮನ ವಿಚಾರಣೆಯೂ ಮುಗಿದಿಲ್ಲ. ಮಾಡಿದ್ದು ತಪ್ಪು ಅಂತ ಬರೆದುಕೊಡಿ, ಬೇಗ ಮುಗಿಸೋಣ ಅಂತ ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ ಅವಳು ಖಾಲಿ ಹಾಳೆಯನ್ನೇ ಹಿಂದಕ್ಕೆ ಕಳಿಸಿದಳು.

ಈಗ ದೀಪ ಆಗಾಗ ಕೆಂಪಾಗುತ್ತದೆ. ಕೆಂಪಾದ ದಿನ ಚಿಕ್ಕಮ್ಮ ಮಕ್ಕಳನ್ನು ದಡದಲ್ಲೇ ಬೋರಲು ಮಲಗಿಸಿ, ಮರಳಿನ ಮೇಲೆ ಕೈಕಾಲು ಬಡಿಸುತ್ತಾಳೆ. ಆ ಸಾಲು ಸಾಲು ಮಕ್ಕಳು ಮರಳಲ್ಲಿ ಈಜುವುದನ್ನು ನೋಡಲು ಜನ ನಿಲ್ಲುತ್ತಾರೆ, ಯಾಕೆ ಅಂತ ಕೇಳುತ್ತಾರೆ, ಚಿಕ್ಕಮ್ಮ ಕರಿಬಂಡೆಯ ಕಡೆ ಬೆರಳು ತೋರಿಸಿ ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಹಸಿರಿದ್ದ ಒಂದು ಬೆಳಿಗ್ಗೆ ಉಜ್ಜಮ್ಮ, ಮಾಡಲು ಕೆಲಸವಿಲ್ಲದೆ, ಮೆಟ್ಟಿಲ ಮೇಲೆ ಕೂತು ಡ್ರಮ್ಮನ್ನೇ ನೋಡುತ್ತಿದ್ದಳು. ಅದರ ಕೆಳಗೆ ಈಗ ಎಷ್ಟು ಪಾಚಿ ಕಟ್ಟಿರಬಹುದು ಅಂತ ಅವಳ ಕೈ ತುರಿಸುತ್ತಿತ್ತು. ಬೆಕ್ಕು ಪಕ್ಕದಲ್ಲಿ ಮಲಗಿತ್ತು. ಸೊಂಟದ ನೀರಿನಲ್ಲಿ ನಿಂತಿದ್ದ ಚಿಕ್ಕಮ್ಮ ತಿರುಗಿ ನೋಡಿದಳು. ಬೆಕ್ಕನ್ನು ದಾಟಿ ನೇರವಾಗಿ ಅವಳನ್ನೇ ನೋಡಿದಳು.

"ಅಲ್ಲಿ ಕೂತು ನನ್ನ ಮಕ್ಕಳಿಗೆ ದೃಷ್ಟಿ ಹಾಕಬೇಡ," ಅಂದಳು. "ನೀರು ಚೆನ್ನಾಗಿದೆ, ಬಾ ಇಳಿ."